ಕೋಶವನ್ನು ಎಬ್ಬಿಸುವ ಮಣಿ

ದೋಣಿಮಲೈಯಲ್ಲಿ ಬೆಳಿಗ್ಗೆ ತೊಟ್ಟ ಬಿಳಿ ಅಂಗಿ ಸಂಜೆಗೆ ಬಿಳಿಯಾಗಿ ಉಳಿಯುವುದಿಲ್ಲ. ಗುಡ್ಡದ ಮೇಲಿಂದ ಅದಿರು ಇಳಿಯುತ್ತದೆ, ಟಿಪ್ಪರ್‌ಗಳು ಓಡಾಡುತ್ತವೆ, ಗಾಳಿ ಬೀಸುತ್ತದೆ. ಕೆಂಧೂಳು ಕಾಲರಿನ ಮಡಿಕೆಯಲ್ಲಿ, ಪಠ್ಯಪುಸ್ತಕದ ಅಂಚಿನಲ್ಲಿ, ಬೇವಿನ ಎಲೆಯ ಮೇಲೆ ಬಂದು ಕೂರುತ್ತದೆ. ಮಳೆ ಬಂದ ಮರುದಿನವಂತೂ ರಸ್ತೆಯ ಬದಿಯ ನೀರೆಲ್ಲ ಕುಂಕುಮ ಕದಡಿದ ಹಾಗೆ ಕಾಣುತ್ತದೆ.

ಅಂಥದೇ ಒಂದು ಮಳೆಯ ಮರುದಿನ, ಟೌನ್‌ಶಿಪ್‌ನ ರಸ್ತೆಯಂಚಿನಲ್ಲಿ ಏಳನೇ ಕ್ಲಾಸಿನ ಒಬ್ಬ ಹುಡುಗಿ ಕುಕ್ಕರುಗಾಲಿನಲ್ಲಿ ಕೂತಿದ್ದಳು. ಕೈಯಲ್ಲಿ ಕೆಟ್ಟುಹೋದ ಸ್ಪೀಕರಿನಿಂದ ಬಿಚ್ಚಿ ತೆಗೆದ ದುಂಡು ಅಯಸ್ಕಾಂತ. ಅದಕ್ಕೆ ಹಾಲಿನ ಕವರ್ ಸುತ್ತಿ ಒಣಮಣ್ಣಿನಲ್ಲಿ ಎಳೆಯುತ್ತಿದ್ದಳು. ಕವರ್ ಸುತ್ತಿದ್ದು ಬಹಳ ಜಾಣತನ. ಆಮೇಲೆ ಅಯಸ್ಕಾಂತವನ್ನು ಹೊರಗೆಳೆದರೆ ಅಂಟಿದ ಕಣಗಳಲ್ಲಿ ಹೆಚ್ಚಿನವು ತಾವಾಗಿಯೇ ಉದುರುತ್ತವೆ. ಕವರಿನ ಮೈಗೆ ಗಡ್ಡ ಬಂದಂತೆ ಕಪ್ಪು ಕಣಗಳು ನೆಟ್ಟಗೆ ನಿಂತಿದ್ದವು. ಕೆಂಪು ಪುಡಿ ಮಾತ್ರ ನೆಲದಲ್ಲೇ ಉಳಿದಿತ್ತು.

"ಮಿಸ್, ಈ ಗುಡ್ಡ ಪೂರಾ ಕಬ್ಬಿಣ ಅಂತಾರ. ಮತ್ತ ಈ ಕೆಂಪು ಪುಡಿ ಯಾಕ ಅಂಟವಲ್ದು?" ಅಂತ ಕೇಳಿದಳು.

ಒಳ್ಳೆಯ ಪ್ರಶ್ನೆ. ಅದರ ಬೆನ್ನು ಹತ್ತಿ ಹೋದರೆ ದಾರಿ ಈ ಗುಡ್ಡದಿಂದ ಶುರುವಾಗಿ ನಾರ್ವೆ ದೇಶದ ಒಂದು ಪ್ರಯೋಗಾಲಯಕ್ಕೆ ಹೋಗುತ್ತದೆ, ಅಲ್ಲಿಂದ ಬೆಂಗಳೂರಿನ ಒಂದು ಆಸ್ಪತ್ರೆಯ ಅಂಗಳಕ್ಕೆ ಬರುತ್ತದೆ. ಅವತ್ತು ಆ ಹುಡುಗಿಗೆ ಹೇಳಿದ್ದನ್ನೇ ಈಗ ನಿಮಗೂ ಹೇಳುತ್ತೇನೆ, ಸ್ವಲ್ಪ ಬಿಡಿಸಿ.

ಸಂಡೂರಿನ ಈ ಬೆಟ್ಟಸಾಲಿನ ಕಲ್ಲು ತೀರ ಹಳೆಯದು. 250 ಕೋಟಿ ವರ್ಷಗಳಿಗೂ ಹಿಂದೆ ಇಲ್ಲಿ ಸಮುದ್ರವಿತ್ತು. ಆ ನೀರಿನಲ್ಲಿ ಕರಗಿದ್ದ ಕಬ್ಬಿಣ ಆಮ್ಲಜನಕದ ಜೊತೆ ಸೇರಿ ತಳಕ್ಕೆ ಇಳಿದು ಪದರ ಪದರವಾಗಿ ಕೂತಿತು. ಈಗ ನಾವು ಅಗೆಯುತ್ತಿರುವುದು ಆ ಪದರಗಳನ್ನೇ. ದೋಣಿಮಲೈಯಲ್ಲಿ ಸರ್ಕಾರಿ ಕಂಪನಿ ಎನ್‌ಎಂಡಿಸಿಯ ಗಣಿ ಶುರುವಾದದ್ದು 1977ರಲ್ಲಿ. ಇಲ್ಲಿಯ ಅದಿರಿನ ಹೆಸರು ಹೆಮಟೈಟ್. ಎರಡು ಕಬ್ಬಿಣದ ಪರಮಾಣು, ಮೂರು ಆಮ್ಲಜನಕದ ಪರಮಾಣು, ಇದು ಅದರ ಲೆಕ್ಕ. ಶುದ್ಧ ಹೆಮಟೈಟ್ 100 ಕಿಲೋ ತಂದರೆ ಅದರಲ್ಲಿ ಸುಮಾರು 70 ಕಿಲೋ ಕಬ್ಬಿಣವೇ ಇರುತ್ತದೆ. ಮನೆಯ ಗೋಡೆಯಂಚಿಗೆ ಬಳಿಯುವ ಕೆಮ್ಮಣ್ಣಿನ ಕೆಂಪೂ ಇದರದೇ.

ಕಬ್ಬಿಣದ ಒಂದೊಂದು ಪರಮಾಣುವೂ ಒಂದು ಪುಟ್ಟ ಅಯಸ್ಕಾಂತದಂತೆ. ಹೆಮಟೈಟಿನಲ್ಲಿ ಅರ್ಧದಷ್ಟು ಪರಮಾಣುಗಳು ಒಂದು ಕಡೆಗೆ ಮುಖ ಮಾಡಿದರೆ ಉಳಿದರ್ಧ ಅದಕ್ಕೆ ಎದುರು ದಿಕ್ಕಿಗೆ ಮುಖ ಮಾಡುತ್ತವೆ. ಹಗ್ಗ ಜಗ್ಗುವ ಆಟದಲ್ಲಿ ಎರಡೂ ಕಡೆ ಸಮಬಲದ ಹುಡುಗರು ನಿಂತರೆ ಹಗ್ಗ ಅಲ್ಲಾಡುವುದಿಲ್ಲವಲ್ಲ, ಹಾಗೆ. ಆದ್ದರಿಂದಲೇ ಕೆಂಪು ಪುಡಿ ಅಯಸ್ಕಾಂತಕ್ಕೆ ಹೆಚ್ಚುಕಮ್ಮಿ ಅಂಟುವುದೇ ಇಲ್ಲ. ಕಪ್ಪು ಕಣಗಳು ಬೇರೆ. ಅವುಗಳಲ್ಲಿ ಹೆಚ್ಚಿನವು ಮ್ಯಾಗ್ನಟೈಟ್. ಅಲ್ಲಿ ಎರಡು ಕಡೆಯ ಲೆಕ್ಕ ಸರಿಹೋಗುವುದಿಲ್ಲ, ಒಂದು ಕಡೆ ಬಲ ಮಿಗುತ್ತದೆ. ಹಾಗೆ ಮಿಕ್ಕ ಬಲದಿಂದಲೇ ಅವು ಅಯಸ್ಕಾಂತಕ್ಕೆ ಅಂಟಿಕೊಳ್ಳುತ್ತವೆ.

ಇನ್ನೂ ಒಂದು ಕಬ್ಬಿಣದ ಖನಿಜವಿದೆ, ಹೆಸರು ಮ್ಯಾಗ್ಹೆಮೈಟ್. ಮ್ಯಾಗ್ನಟೈಟ್ ಮತ್ತು ಹೆಮಟೈಟ್ ಎರಡರ ಮೊದಲ ಅಕ್ಷರಗಳನ್ನು ಜೋಡಿಸಿ ಇಟ್ಟ ಹೆಸರು. ಇದರ ಲೆಕ್ಕವೂ ಎರಡು ಕಬ್ಬಿಣ, ಮೂರು ಆಮ್ಲಜನಕ. ಅಂದರೆ ನಮ್ಮ ಕೆಂಪು ಹೆಮಟೈಟಿನಲ್ಲಿ ಏನಿದೆಯೋ ಅದೇ, ಅಷ್ಟೇ. ಪರಮಾಣುಗಳನ್ನು ಕೂರಿಸಿದ ರೀತಿ ಮಾತ್ರ ಬೇರೆ. ಆ ಒಂದು ವ್ಯತ್ಯಾಸದಿಂದ ಇದು ಅಯಸ್ಕಾಂತಕ್ಕೆ ಚೆನ್ನಾಗಿ ಅಂಟುತ್ತದೆ. ಈ ಹೆಸರನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹೆಮಟೈಟ್ ಎಂಬ ಹೆಸರು ಗ್ರೀಕರು ರಕ್ತಕ್ಕೆ ಹೇಳುವ ಪದದಿಂದ ಬಂದದ್ದು. ಕಲ್ಲನ್ನು ಅರೆದರೆ ರಕ್ತದ ಬಣ್ಣ, ಅದಕ್ಕೇ ಆ ಹೆಸರು. ನಮ್ಮ ರಕ್ತದ ಕೆಂಪಿಗೂ ಕಬ್ಬಿಣವೇ ಕಾರಣ. ದೊಡ್ಡವರೊಬ್ಬರ ಮೈಯಲ್ಲಿರುವ ಕಬ್ಬಿಣವನ್ನೆಲ್ಲ ಒಟ್ಟುಗೂಡಿಸಿದರೆ 3ರಿಂದ 4 ಗ್ರಾಂ, ಒಂದೆರಡು ಮೊಳೆಯ ತೂಕ. ಆದರೆ ನಾನು ಈಗ ಹೇಳಬೇಕಾದದ್ದು ರಕ್ತದ ಕೆಂಪು ಕಣಗಳ ಕತೆಯಲ್ಲ. ಅವುಗಳ ನಡುವೆ ಬಣ್ಣವಿಲ್ಲದೆ, ಸದ್ದಿಲ್ಲದೆ ತಿರುಗಾಡುವ ಬಿಳಿ ಕಣಗಳ ಕತೆ.

ಆ ಬಿಳಿ ಕಣಗಳಲ್ಲಿ ಒಂದು ಜಾತಿ ಟಿ-ಕೋಶ. ನಿಮ್ಮ ಎದೆಯ ನಡುವಿನ ಮೂಳೆಯ ಮೇಲೆ ಕೈಯಿಟ್ಟುಕೊಳ್ಳಿ. ಅದರ ಹಿಂದೆ ಥೈಮಸ್ ಎಂಬ ಗ್ರಂಥಿಯಿದೆ. ಟಿ-ಕೋಶಗಳು ತರಬೇತಿ ಪಡೆಯುವ ಶಾಲೆ ಅದು. 'ಟಿ' ಬಂದದ್ದು ಅದರ ಹೆಸರಿನಿಂದಲೇ. ಮಕ್ಕಳಲ್ಲಿ ಈ ಗ್ರಂಥಿ ದೊಡ್ಡದು, ವಯಸ್ಸಾದಂತೆ ಕುಗ್ಗುತ್ತದೆ. ಅದು ಏನು ಕೆಲಸ ಮಾಡುತ್ತದೆ ಎಂಬುದು ಬಹುಕಾಲ ಯಾರಿಗೂ ಗೊತ್ತಿರಲಿಲ್ಲ. ಜಾಕ್ ಮಿಲ್ಲರ್ ಎಂಬ ವಿಜ್ಞಾನಿ 1961ರಲ್ಲಿ ತೋರಿಸಿಕೊಟ್ಟ ಮೇಲೆ ತಿಳಿಯಿತು.

ಶಾಲೆ ಮುಗಿಸಿ ಹೊರಬಿದ್ದ ಟಿ-ಕೋಶ ಕೂಡಲೇ ಜಗಳಕ್ಕೆ ಇಳಿಯುವುದಿಲ್ಲ. ಹಾಗೆ ಇಳಿದರೆ ನಮ್ಮ ಮೈಗೇ ಅಪಾಯ. ಅದು ಅರೆನಿದ್ದೆಯಲ್ಲಿರುವಂತೆ ತಿರುಗುತ್ತಿರುತ್ತದೆ. ಅದನ್ನು ಎಬ್ಬಿಸಲು ಎರಡು ಸೂಚನೆ ಬೇಕು. ರಣಜಿತ್‌ಪುರದ ಸ್ಟೇಷನ್ನಿನಲ್ಲಿ ಅದಿರು ತುಂಬಿದ ರೇಕು ನಿಂತಿರುತ್ತದೆ ಅಂದುಕೊಳ್ಳಿ. ಸಿಗ್ನಲ್ ಹಸಿರಾಯಿತು. ಅಷ್ಟಕ್ಕೇ ಚಾಲಕ ಹೊರಡುವುದಿಲ್ಲ; ಹಿಂದಿನ ಡಬ್ಬಿಯಿಂದ ಗಾರ್ಡ್ ಸಹ ಹಸಿರು ಬಾವುಟ ತೋರಿಸಬೇಕು. ಟಿ-ಕೋಶದ ಮೈಮೇಲೆ ಸಿಡಿ3 ಎಂಬ ಪ್ರೋಟೀನು ಇದೆ, ಅದರ ಮೂಲಕ ಮೊದಲ ಸೂಚನೆ ಒಳಹೋಗುತ್ತದೆ: 'ಇಲ್ಲೊಬ್ಬ ಶತ್ರು ಸಿಕ್ಕಿದ್ದಾನೆ.' ಸಿಡಿ28 ಎಂಬ ಇನ್ನೊಂದರ ಮೂಲಕ ಎರಡನೆಯದು: 'ನಿಜ, ಹೊರಡು.' ಮೊದಲನೆಯದು ಮಾತ್ರ ಬಂದು ಎರಡನೆಯದು ಬಾರದಿದ್ದರೆ ಕೋಶ ಹೊರಡದೆ ಇನ್ನೂ ಗಾಢವಾಗಿ ಮಲಗಿಬಿಡುತ್ತದೆ. ಎಷ್ಟು ಎಚ್ಚರಿಕೆಯ ಏರ್ಪಾಡು ನೋಡಿ!

ಮೈಯೊಳಗೆ ಈ ಎರಡೂ ಸೂಚನೆ ಕೊಡುವ ಮುಖ್ಯ ಕೆಲಸಗಾರ ಡೆಂಡ್ರಿಟಿಕ್ ಕೋಶ. ಗ್ರೀಕ್ ಮಾತಿನಲ್ಲಿ ಡೆಂಡ್ರಾನ್ ಎಂದರೆ ಮರ. ಮೈತುಂಬ ಕೊಂಬೆ ಚಾಚಿಕೊಂಡಿರುವುದರಿಂದ ಆ ಹೆಸರು. ನಾವು ಕೊಂಬೆಕೋಶ ಅನ್ನೋಣ. ರಾಲ್ಫ್ ಸ್ಟೈನ್‌ಮನ್ ಇದನ್ನು 1973ರಲ್ಲಿ ಗುರುತಿಸಿದರು. 2011ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಘೋಷಣೆಯಾಯಿತು, ಆದರೆ ಅದಕ್ಕೆ ಮೂರು ದಿನ ಮೊದಲೇ ಅವರು ತೀರಿಹೋಗಿದ್ದರು. ಈ ಕೊಂಬೆಕೋಶ ಟಿ-ಕೋಶವನ್ನು ಮಾತಿನಿಂದ ಎಬ್ಬಿಸುವುದಿಲ್ಲ, ಮುಟ್ಟಿ ಎಬ್ಬಿಸುತ್ತದೆ. ಮೈಗೆ ಮೈ ತಾಗಿಸಿ, ಗಂಟೆಗಟ್ಟಲೆ ಅಂಟಿಕೊಂಡು ನಿಂತು. ಕತ್ತಲಲ್ಲಿ ಮಲಗಿರುವ ತಮ್ಮನನ್ನು ಭುಜ ಹಿಡಿದು ಅಲುಗಿಸಿದಂತೆ. ಟಿ-ಕೋಶಕ್ಕೆ ಕಣ್ಣಿಲ್ಲ, ಕಿವಿಯಿಲ್ಲ. ಅದಕ್ಕೆ ಗೊತ್ತಾಗುವುದರಲ್ಲಿ ಬಹಳಷ್ಟು ಮುಟ್ಟಿದ್ದರಿಂದಲೇ ಗೊತ್ತಾಗುವುದು.

ಎಚ್ಚರವಾದ ಟಿ-ಕೋಶ ಉಬ್ಬಿ ದೊಡ್ಡದಾಗುತ್ತದೆ, ಒಡೆದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ದಿನಕ್ಕೊಮ್ಮೆ ಇಮ್ಮಡಿಯಾದರೆ ಒಂದು ಕೋಶ 10 ದಿನಕ್ಕೆ ಎಷ್ಟಾಗುತ್ತದೆ ಎಂದು ನಿಮ್ಮ ನೋಟ್‌ಬುಕ್ಕಿನಲ್ಲಿ ಲೆಕ್ಕ ಮಾಡಿ. 1,024 ಬರಬೇಕು.

ಇಷ್ಟೆಲ್ಲ ಮೈಯ ಒಳಗೆ ನಡೆಯುವ ಮಾತು. ಕೆಲವು ರೋಗಗಳಲ್ಲಿ ಇದು ಸಾಲುವುದಿಲ್ಲ. ರಕ್ತದ ಕ್ಯಾನ್ಸರ್ ಬಂದಾಗ ಕೆಟ್ಟ ಕೋಶಗಳು ನಮ್ಮವರಂತೆಯೇ ವೇಷ ಹಾಕಿಕೊಂಡಿರುತ್ತವೆ, ಟಿ-ಕೋಶ ಅವನ್ನು ಗುರುತಿಸದೆ ಪಕ್ಕದಲ್ಲೇ ಹಾದುಹೋಗುತ್ತದೆ. ಆಗ ವೈದ್ಯರಿಗೆ ಒಂದು ಯೋಚನೆ ಹೊಳೆಯಿತು. ರೋಗಿಯ ಟಿ-ಕೋಶಗಳನ್ನು ಹೊರಗೆ ತೆಗೆದು, ಶತ್ರುವಿನ ಗುರುತು ಹೇಳಿಕೊಟ್ಟು, ಕೋಟಿಗಟ್ಟಲೆ ಬೆಳೆಸಿ ಮತ್ತೆ ಒಳಗೆ ಕಳಿಸಿದರೆ? ಯೋಚನೆ ಚೆನ್ನಾಗಿದೆ. ಆದರೆ ಹೊರಗೆ, ಗಾಜಿನ ಪಾತ್ರೆಯಲ್ಲಿ, ಅವನ್ನು ಎಬ್ಬಿಸುವವರು ಯಾರು? ಪ್ರತಿಯೊಬ್ಬ ರೋಗಿಗೂ ಅವರದೇ ಕೊಂಬೆಕೋಶಗಳನ್ನು ಬೇರೆಯಾಗಿ ಬೆಳೆಸಬೇಕಾಗುತ್ತದೆ. ಅದು ತಿಣುಕಾಟದ ಕೆಲಸ, ಇವತ್ತು ಚೆನ್ನಾಗಿ ಬೆಳೆದವು ನಾಳೆ ಬೆಳೆಯದೇ ಹೋಗಬಹುದು.

ಹಾಗಾದರೆ ಕೊಂಬೆಕೋಶದ ಬದಲು ಒಂದು ಬೊಂಬೆ ಮಾಡಿದರೆ ಹೇಗೆ? ಹೊಲದಲ್ಲಿ ಬೆದರುಬೊಂಬೆ ನಿಲ್ಲಿಸುತ್ತೇವಲ್ಲ, ಅಂಗಿ ತೊಡಿಸಿದರೆ ಸಾಕು, ಹಕ್ಕಿಗೆ ಮನುಷ್ಯನೇ. ಟಿ-ಕೋಶಕ್ಕೂ ಒಳಗೆ ಏನಿದೆ ಎಂಬುದು ಬೇಕಿಲ್ಲ. ಮುಟ್ಟಿದ ಮೈ ಸರಿಯಾಗಿದ್ದರೆ ಸಾಕು.

ಈ ಬೊಂಬೆಯನ್ನು ಮಾಡಿದ್ದು ಪ್ಲಾಸ್ಟಿಕ್ಕಿನಿಂದ. ಇನ್ನೂ ಸರಿಯಾಗಿ ಹೇಳಬೇಕೆಂದರೆ ಪಾಲಿಸ್ಟೈರೀನ್ ಎಂಬ ಪಾಲಿಮರ್‌ನಿಂದ.

ಪಾಲಿಮರ್ ಅಂದರೆ ಏನೆಂದು ತಿಳಿಯಲು ಮತ್ತೆ ರಣಜಿತ್‌ಪುರದ ರೇಕನ್ನೇ ನೋಡಿ. ಒಂದೇ ಥರದ ವ್ಯಾಗನ್‌ಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಉದ್ದಕ್ಕೆ ನಿಂತಿರುತ್ತವೆ. ಹಾಗೆಯೇ ಒಂದೇ ಥರದ ಪುಟ್ಟ ಅಣುಗಳು ಸಾವಿರಾರು ಸಂಖ್ಯೆಯಲ್ಲಿ ಕೊಂಡಿ ಹಾಕಿಕೊಂಡರೆ ಅದು ಪಾಲಿಮರ್. ಪಾಲಿ ಅಂದರೆ ಹಲವು. ಹತ್ತಿಯ ನೂಲು, ರೇಷ್ಮೆ, ನಿಮ್ಮ ತಲೆಗೂದಲು, ಜೋಳದ ರೊಟ್ಟಿಯಲ್ಲಿರುವ ಪಿಷ್ಟ, ಇವೆಲ್ಲ ಪ್ರಕೃತಿ ಮಾಡಿದ ಪಾಲಿಮರ್‌ಗಳು. ಕಾರ್ಖಾನೆಯಲ್ಲಿ ಮಾಡಿದ್ದು ಕೃತಕ ಪಾಲಿಮರ್. ಸ್ಟೈರೀನ್ ಎಂಬ ಅಣುಗಳನ್ನು ಕೋದರೆ ಪಾಲಿಸ್ಟೈರೀನ್. ನಿಮಗೆ ಅದು ಚೆನ್ನಾಗಿ ಪರಿಚಯ: ಟಿವಿ ಡಬ್ಬದೊಳಗಿನ ಥರ್ಮೋಕೋಲ್ ಇದೆಯಲ್ಲ, ಅದು ಗಾಳಿ ತುಂಬಿ ಉಬ್ಬಿಸಿದ ಪಾಲಿಸ್ಟೈರೀನ್. ಹಳ್ಳದಲ್ಲಿ ತೇಲಿಬರುವ ಥರ್ಮೋಕೋಲ್ ತಟ್ಟೆಗಳನ್ನು ಕಂಡರೆ ನನಗೆ ಬಹಳ ಬೇಸರವಾಗುತ್ತದೆ. ಅದೇ ವಸ್ತು ಸರಿಯಾದ ಕೈಗೆ ಸಿಕ್ಕಿದಾಗ ಏನಾಯಿತು ಎಂಬುದನ್ನೂ ಅಷ್ಟೇ ಪ್ರೀತಿಯಿಂದ ಹೇಳಬೇಕು.

ನಾರ್ವೆ ದೇಶದ ಟ್ರಾಂಡ್‌ಹೈಮ್ ಊರಿನಲ್ಲಿ ಜಾನ್ ಉಗೆಲ್‌ಸ್ಟಾಡ್ ಎಂಬ ರಸಾಯನಶಾಸ್ತ್ರಜ್ಞರಿದ್ದರು. ಪಾಲಿಸ್ಟೈರೀನಿನ ದುಂಡು ಮಣಿಗಳನ್ನು, ಎಲ್ಲವೂ ಒಂದೇ ಗಾತ್ರದಲ್ಲಿ ಇರುವಂತೆ ಮಾಡಬೇಕು ಎಂಬುದು ಅವರ ಹಟ. ಕೇಳಲು ಸುಲಭ. ಬೂಂದಿ ಕರಿಯುವವರನ್ನು ಕೇಳಿ ನೋಡಿ, ಎಷ್ಟು ಹುಷಾರಾಗಿ ಜಾಲರಿ ತಟ್ಟಿದರೂ ಒಂದು ದಪ್ಪ, ಒಂದು ಸಣ್ಣ ಬೀಳುತ್ತವೆ. ಕಣ್ಣಿಗೆ ಕಾಣದಷ್ಟು ಚಿಕ್ಕ ಮಣಿಗಳಲ್ಲಂತೂ ಇದು ಇನ್ನೂ ಕಷ್ಟ. ಬೆಳೆಯುತ್ತ ಹೋದಂತೆ ಕೆಲವು ಮಣಿ ಮೇಲೆ ತೇಲುತ್ತವೆ, ಕೆಲವು ತಳ ಸೇರುತ್ತವೆ, ಕೆಲವು ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗುತ್ತವೆ. ಭೂಮಿಯ ಸೆಳೆತವೇ ಇಲ್ಲದ ಕಡೆ ಮಾಡಿದರೆ ಆಗಬಹುದು ಎಂದು ಅಮೆರಿಕದ ನಾಸಾ ಸಂಸ್ಥೆ 1980ರ ದಶಕದಲ್ಲಿ ಬಾಹ್ಯಾಕಾಶ ನೌಕೆಯಲ್ಲೇ ಇಂಥ ಮಣಿಗಳನ್ನು ಮಾಡಿ ತಂದಿತು. ಅಳತೆಯ ಮಾದರಿಯಾಗಿ 1985ರಲ್ಲಿ ಅವು ಮಾರಾಟಕ್ಕೂ ಬಂದವು. ಬಾಹ್ಯಾಕಾಶದಲ್ಲಿ ತಯಾರಾಗಿ ಭೂಮಿಯಲ್ಲಿ ಮಾರಾಟವಾದ ಮೊದಲ ಸರಕು ಅದೇ.

ಉಗೆಲ್‌ಸ್ಟಾಡ್ ಅಷ್ಟು ದೂರ ಹೋಗಲಿಲ್ಲ. ನಾಸಾಕ್ಕಿಂತ ಮೊದಲೇ, 1970ರ ದಶಕದ ಉತ್ತರಾರ್ಧದಲ್ಲಿ, ನೆಲದ ಮೇಲೆಯೇ ಅದನ್ನು ಸಾಧಿಸಿದರು. ದೋಣಿಮಲೈಯ ಗಣಿ ಕಣ್ಣು ಬಿಡುತ್ತಿದ್ದ ಕಾಲಕ್ಕೇ ಹೆಚ್ಚುಕಮ್ಮಿ. ಅವರ ಉಪಾಯ ಅಡುಗೆಮನೆಯಲ್ಲಿ ದಿನವೂ ನಡೆಯುವಂಥದ್ದು. ರಾತ್ರಿ ನೆನೆಹಾಕಿದ ಕಡಲೆ ಬೆಳಿಗ್ಗೆ ಉಬ್ಬಿರುತ್ತದೆ. ಒಂದೇ ಗಾತ್ರದ ಕಾಳು ಹಾಕಿದರೆ ಉಬ್ಬಿದ ಮೇಲೂ ಒಂದೇ ಗಾತ್ರ. ಅವರು ಮೊದಲು ತೀರ ಚಿಕ್ಕ ಬೀಜಮಣಿಗಳನ್ನು ಮಾಡಿಕೊಂಡರು. ಅವು ತಮ್ಮ ಗಾತ್ರಕ್ಕಿಂತ ಎಷ್ಟೋ ಪಟ್ಟು ಸ್ಟೈರೀನನ್ನು ಹೀರಿಕೊಂಡು ಉಬ್ಬುವಂತೆ ಮಾಡಿ, ಆಮೇಲೆ ಆ ಸ್ಟೈರೀನನ್ನು ಸರಪಳಿಯಾಗಿ ಕೋದು ಗಟ್ಟಿಗೊಳಿಸಿದರು. ಮಣಿಗಳೆಲ್ಲ ಅಚ್ಚಿನಲ್ಲಿ ತೆಗೆದಂತೆ ಬಂದವು.

ಆಮೇಲೆ ಇನ್ನೊಂದು ಕೆಲಸ ಮಾಡಿದರು. ಮಣಿಯ ಮೈಯಲ್ಲಿ ಸಣ್ಣ ಸಣ್ಣ ರಂಧ್ರಗಳಿರುವಂತೆ ನೋಡಿಕೊಂಡು, ಆ ರಂಧ್ರಗಳ ಒಳಗೆ ಕಬ್ಬಿಣದ ಆಕ್ಸೈಡನ್ನು ಕೂರಿಸಿದರು. ಯಾವ ಆಕ್ಸೈಡು? ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ, ಆ ಮ್ಯಾಗ್ಹೆಮೈಟ್. ಜೊತೆಗೆ ಸ್ವಲ್ಪ ಮ್ಯಾಗ್ನಟೈಟ್. ಅದನ್ನು ನಮ್ಮ ಗುಡ್ಡದಿಂದ ತೆಗೆದುಕೊಂಡು ಹೋದದ್ದಲ್ಲ, ಪ್ರಯೋಗಾಲಯದಲ್ಲೇ ತಯಾರಿಸಿದ್ದು. ಆದರೆ ನಿಮ್ಮ ಚಪ್ಪಲಿಗೆ ಮೆತ್ತಿದ ಕೆಂಧೂಳಿನಲ್ಲಿ ಏನಿದೆಯೋ, ಎರಡು ಕಬ್ಬಿಣ ಮೂರು ಆಮ್ಲಜನಕ, ಅದೇ ಆ ಮಣಿಯ ಹೊಟ್ಟೆಯಲ್ಲೂ ಇದೆ.

ಒಳಗಿನ ಆ ಕಬ್ಬಿಣದ ಹರಳುಗಳು ಎಷ್ಟು ಚಿಕ್ಕವೆಂದರೆ ಅವುಗಳಿಗೆ ಮರೆವು ಜಾಸ್ತಿ. ಗುಂಡುಪಿನ್ನನ್ನು ಅಯಸ್ಕಾಂತಕ್ಕೆ ಉಜ್ಜಿದರೆ ಸ್ವಲ್ಪ ಹೊತ್ತು ಪಿನ್ನೇ ಅಯಸ್ಕಾಂತವಾಗಿ ಇನ್ನೊಂದು ಪಿನ್ನನ್ನು ಎಳೆಯುತ್ತದೆ. ಈ ಮಣಿಗಳು ಹಾಗಲ್ಲ. ಅಯಸ್ಕಾಂತ ಹತ್ತಿರ ಬಂದಾಗ ಓಡಿಬಂದು ಅಂಟುತ್ತವೆ, ಅದನ್ನು ದೂರ ಸರಿಸಿದ ಕ್ಷಣ ಎಲ್ಲ ಮರೆತು ಬಿಡಿಬಿಡಿಯಾಗಿ ತೇಲುತ್ತವೆ. ಈ ಗುಣ ಇಲ್ಲದಿದ್ದರೆ ಮಣಿಗಳೆಲ್ಲ ಒಂದಕ್ಕೊಂದು ಕಚ್ಚಿಕೊಂಡು ಯಾತಕ್ಕೂ ಬಾರದೆ ಹೋಗುತ್ತಿದ್ದವು.

ಟಿ-ಕೋಶಗಳನ್ನು ಎಬ್ಬಿಸಲು ಬಳಸುವ ಮಣಿಯ ಅಡ್ಡಳತೆ 4.5 ಮೈಕ್ರೋಮೀಟರ್. ನಿಮ್ಮ ಸ್ಕೇಲಿನಲ್ಲಿ ಒಂದು ಮಿಲಿಮೀಟರಿನ ಎರಡು ಗೆರೆಗಳ ನಡುವೆ ಇಂಥ 220 ಮಣಿಗಳನ್ನು ಸಾಲಾಗಿ ಇಡಬಹುದು. ಟಿ-ಕೋಶ ಅದಕ್ಕಿಂತ ಸ್ವಲ್ಪ ದೊಡ್ಡದು. ಅಂದರೆ ಕೋಶಕ್ಕೆ ಈ ಮಣಿ ಕೈಯಲ್ಲಿ ಹಿಡಿಯುವ ಚೆಂಡಿನಂತೆ.

ಬರಿಯ ಪಾಲಿಸ್ಟೈರೀನ್ ಮೈಯನ್ನು ಮುಟ್ಟಿ ಟಿ-ಕೋಶ ಏಳುವುದಿಲ್ಲ. ಬೊಂಬೆಗೆ ಅಂಗಿ ತೊಡಿಸಬೇಕು. 1990ರ ದಶಕದಲ್ಲಿ ಅಮೆರಿಕದ ಕಾರ್ಲ್ ಜೂನ್ ಮತ್ತು ಬ್ರೂಸ್ ಲೆವಿನ್ ಮಾಡಿದ್ದು ಅದನ್ನೇ. ಮಣಿಯ ಹೊರಮೈಗೆ ಎರಡು ಬಗೆಯ ಪ್ರತಿಕಾಯಗಳನ್ನು ಅಂಟಿಸಿದರು. ಪ್ರತಿಕಾಯ ಅಂದರೆ ಕವಲೊಡೆದ ಕಟ್ಟಿಗೆಯ ಆಕಾರದ ಒಂದು ಪ್ರೋಟೀನು. ಕವಲಿನ ತುದಿಗಳಿಂದ ತನಗೆ ಬೇಕಾದ್ದನ್ನು ಮಾತ್ರ ಹಿಡಿಯುತ್ತದೆ. ಒಂದು ಬಗೆಯದು ಟಿ-ಕೋಶದ ಸಿಡಿ3ನ್ನು ಹಿಡಿಯುತ್ತದೆ, ಇನ್ನೊಂದು ಸಿಡಿ28ನ್ನು. ಸಿಗ್ನಲ್ಲೂ ಆಯಿತು, ಗಾರ್ಡಿನ ಬಾವುಟವೂ ಆಯಿತು. ಪಾತ್ರೆಯಲ್ಲಿ ಕೋಶಗಳ ಜೊತೆ ಈ ಮಣಿಗಳನ್ನು ಬಿಟ್ಟಾಗ, ಕೊಂಬೆಕೋಶವೇ ಬಂದು ಮುಟ್ಟಿತೆಂದು ಟಿ-ಕೋಶಗಳು ಎದ್ದವು, ಉಬ್ಬಿದವು, ಒಡೆದು ಬೆಳೆಯತೊಡಗಿದವು. ಅವು ಬೆಳೆಯುತ್ತಿರುವಾಗಲೇ, ಅಪಾಯ ಮಾಡದಂತೆ ಪಳಗಿಸಿದ ಒಂದು ವೈರಸ್ಸಿನ ಕೈಯಲ್ಲಿ ಶತ್ರುವಿನ ಗುರುತಿನ ಚೀಟಿಯನ್ನು ಕೋಶದೊಳಕ್ಕೆ ಕಳಿಸುತ್ತಾರೆ. ಈ ಚಿಕಿತ್ಸೆಗೆ ಕಾರ್-ಟಿ ಎಂದು ಹೆಸರು.

ಕೋಶಗಳು ಸಾಕಷ್ಟು ಬೆಳೆದ ಮೇಲೆ ಮಣಿಗಳನ್ನು ತೆಗೆಯಬೇಕು. ಪ್ಲಾಸ್ಟಿಕ್ ಮಣಿ ರೋಗಿಯ ರಕ್ತಕ್ಕೆ ಹೋಗಬಾರದು. ಹೇಗೆ ತೆಗೆಯುತ್ತಾರೆ? ಆ ಹುಡುಗಿಯ ಹಾಗೆಯೇ. ಚೀಲದ ಪಕ್ಕಕ್ಕೆ ಒಂದು ಅಯಸ್ಕಾಂತ ಹಿಡಿಯುತ್ತಾರೆ. ಕಬ್ಬಿಣ ಹೊತ್ತ ಮಣಿಗಳೆಲ್ಲ ಗೋಡೆಗೆ ಓಡಿ ಅಂಟಿಕೊಳ್ಳುತ್ತವೆ, ಕೋಶಗಳು ದ್ರವದ ಜೊತೆ ಆಚೆ ಹರಿದುಹೋಗುತ್ತವೆ. ಇದನ್ನು ಹೇಳಿದಾಗ ಅವಳು ತನ್ನ ಕೈಯಲ್ಲಿದ್ದ ಸ್ಪೀಕರ್ ಅಯಸ್ಕಾಂತವನ್ನೂ ಹಾಲಿನ ಕವರನ್ನೂ ತಿರುಗಿಸಿ ತಿರುಗಿಸಿ ನೋಡಿದಳು.

2012ರ ಏಪ್ರಿಲ್‌ನಲ್ಲಿ ಫಿಲಡೆಲ್ಫಿಯಾ ನಗರದ ಮಕ್ಕಳ ಆಸ್ಪತ್ರೆಯಲ್ಲಿ ಎಮಿಲಿ ವೈಟ್‌ಹೆಡ್ ಎಂಬ ಆರು ವರ್ಷದ ಹುಡುಗಿಗೆ ಹೀಗೆ ಬೆಳೆಸಿದ ಅವಳದೇ ಕೋಶಗಳನ್ನು ಕೊಟ್ಟರು. ಕಾರ್-ಟಿ ಚಿಕಿತ್ಸೆ ಪಡೆದ ಮೊದಲ ಮಗು ಅವಳು. ಬೇರೆ ಔಷಧಗಳೆಲ್ಲ ಸೋತಿದ್ದವು. ಕೋಶಗಳು ಒಳಗೆ ಹೋಗಿ ಜಗಳಕ್ಕೆ ನಿಂತಾಗ ಅವಳಿಗೆ ವಿಪರೀತ ಜ್ವರ ಬಂದು ಜೀವಕ್ಕೇ ಅಪಾಯವಾಗಿತ್ತು. ಆದರೆ ಉಳಿದಳು. ಹತ್ತು ವರ್ಷ ಕಳೆದು 2022 ಬಂದಾಗಲೂ ಕ್ಯಾನ್ಸರ್ ಅವಳ ಬಳಿ ಮರಳಿ ಬಂದಿರಲಿಲ್ಲ.

ನಮ್ಮ ದೇಶಕ್ಕೂ ಈ ವಿದ್ಯೆ ಬಂತು. ಮುಂಬಯಿಯ ಐಐಟಿ ಮತ್ತು ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಕೂಡಿ ರೂಪಿಸಿದ ನೆಕ್ಸ್‌ಕಾರ್19 ಚಿಕಿತ್ಸೆಗೆ 2023ರ ಅಕ್ಟೋಬರ್‌ನಲ್ಲಿ ಅನುಮತಿ ಸಿಕ್ಕಿತು. 2024ರ ಏಪ್ರಿಲ್ 4ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಅದನ್ನು ಉದ್ಘಾಟಿಸಿದರು. ನಮ್ಮ ಬೆಂಗಳೂರಿನಲ್ಲಿ, ಬೊಮ್ಮಸಂದ್ರದ ನಾರಾಯಣ ಹೆಲ್ತ್ ಆಸ್ಪತ್ರೆಯ ಆವರಣದಲ್ಲೇ ಇಮ್ಯುನೀಲ್ ಎಂಬ ಸಂಸ್ಥೆ ರೋಗಿಗಳ ಟಿ-ಕೋಶಗಳನ್ನು ಬೆಳೆಸುತ್ತದೆ. ಉದ್ಯಮಿ ಕಿರಣ್ ಮಜುಂದಾರ್ ಶಾ, ಕ್ಯಾನ್ಸರ್ ವೈದ್ಯರೂ ಲೇಖಕರೂ ಆದ ಸಿದ್ಧಾರ್ಥ ಮುಖರ್ಜಿ ಮತ್ತು ಹೂಡಿಕೆದಾರ ಕುಶ್ ಪರ್ಮಾರ್ ಅದನ್ನು ಕಟ್ಟಿದವರು. ಸ್ಪೇನ್ ದೇಶದ ಬಾರ್ಸಿಲೋನಾ ಆಸ್ಪತ್ರೆಯಲ್ಲಿ ಹುಟ್ಟಿದ ವಿಧಾನವನ್ನು ಇಲ್ಲಿಗೆ ತಂದು, 2025ರ ಜನವರಿಯಲ್ಲಿ ಕಾರ್ಟೆಮಿ ಎಂಬ ಹೆಸರಿನಲ್ಲಿ ಹೊರತಂದರು. ಎಲ್ಲ ಪ್ರಯೋಗಾಲಯಗಳೂ ಉಗೆಲ್‌ಸ್ಟಾಡರ ಮಣಿಯನ್ನೇ ಬಳಸುತ್ತವೆ ಎಂದಲ್ಲ. ಮಣಿಯ ಬದಲು, ತೊಳೆದರೆ ಹೋಗುವಷ್ಟು ನವುರಾದ ಪಾಲಿಮರ್ ತುಣುಕುಗಳಿಗೆ ಅದೇ ಎರಡು ಪ್ರತಿಕಾಯ ಅಂಟಿಸಿ ಬಳಸುವುದೂ ಉಂಟು. ಅಲ್ಲಿಯೂ ಮುಟ್ಟಿ ಎಬ್ಬಿಸುವ ಕ್ರಮ ಅದೇ.

ಒಂದು ಮಾತನ್ನು ಮಕ್ಕಳಿಗೂ ಮುಚ್ಚಿಡಬಾರದು. ಈ ಚಿಕಿತ್ಸೆ ತೀರ ದುಬಾರಿ. ಅಮೆರಿಕದಲ್ಲಿ 2017ರಲ್ಲಿ ಮೊದಲ ಕಾರ್-ಟಿ ಔಷಧಕ್ಕೆ ಇಟ್ಟ ಬೆಲೆ 4,75,000 ಡಾಲರ್. ನಮ್ಮಲ್ಲಿ ಮಾಡಿದ್ದರಿಂದ ಅದು 2024ರಲ್ಲಿ ಸುಮಾರು 40 ಲಕ್ಷ ರೂಪಾಯಿಗೆ ಇಳಿಯಿತು. ದೊಡ್ಡ ಸಾಧನೆಯೇ ಹೌದು. ಆದರೂ ಟಿಪ್ಪರ್ ಓಡಿಸುವವರ ಮನೆಗೆ, ಸಂಡೂರಿನಲ್ಲಿ ಕಸೂತಿ ಹಾಕುವ ಲಂಬಾಣಿ ಅಜ್ಜಿಯ ಮನೆಗೆ ಅದು ಎಟುಕುವ ಹಣವಲ್ಲ. ಇನ್ನೂ ಕಡಿಮೆ ಖರ್ಚಿನಲ್ಲಿ, ಇನ್ನೂ ಬೇಗ, ಇನ್ನೂ ಚೆನ್ನಾಗಿ ಕೋಶ ಬೆಳೆಸುವ ಮೈ ಯಾವುದು ಎಂದು ಹುಡುಕುವ ಕೆಲಸ ಅದಕ್ಕೇ ಮುಖ್ಯ ಎಂದು ನನಗೆ ಅನಿಸುತ್ತದೆ.

ಆ ಹುಡುಕಾಟದಲ್ಲಿ ನನಗೆ ತುಂಬ ಇಷ್ಟವಾದದ್ದು ಮೈ ಮೆತ್ತಗಿರಬೇಕೋ ಗಟ್ಟಿಯಾಗಿರಬೇಕೋ ಎಂಬ ಪ್ರಶ್ನೆ. ಕಣ್ಣು ಮುಚ್ಚಿ ಬೆರಳಿನಿಂದ ಒಮ್ಮೆ ಕಲ್ಲನ್ನು ಒತ್ತಿ, ಒಮ್ಮೆ ಇಡ್ಲಿಯನ್ನು ಒತ್ತಿ. ನೋಡದೆಯೂ ಯಾವುದು ಯಾವುದೆಂದು ಹೇಳುತ್ತೀರಿ. ಟಿ-ಕೋಶಕ್ಕೂ ಅದು ಗೊತ್ತಾಗುತ್ತದೆ. ಅದು ಮುಟ್ಟಿದ ವಸ್ತುವನ್ನು ಹಿಡಿದು ಎಳೆದು ನೋಡುತ್ತದೆ, ಎಷ್ಟು ಬಗ್ಗುತ್ತದೆ ಎಂದು ಅಳೆಯುತ್ತದೆ. ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದ ಲ್ಯಾನ್ಸ್ ಕ್ಯಾಮ್ ಮತ್ತು ಸಂಗಡಿಗರು ಸಿಲಿಕೋನ್ ರಬ್ಬರನ್ನು ಬೇರೆ ಬೇರೆ ಹದದಲ್ಲಿ, ಕೆಲವನ್ನು ಗಟ್ಟಿಯಾಗಿ ಕೆಲವನ್ನು ಮೆತ್ತಗೆ ಮಾಡಿ, ಎಲ್ಲದರ ಮೇಲೂ ಅದೇ ಎರಡು ಪ್ರತಿಕಾಯ ಹಚ್ಚಿದರು. 2012ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ: ಮನುಷ್ಯರ ಟಿ-ಕೋಶಗಳು ಗಟ್ಟಿ ಮೈಗಿಂತ ಮೆತ್ತನೆಯ ಮೈಯ ಮೇಲೆ ಹೆಚ್ಚು ಬೆಳೆದವು. ಮುಂದೆ ಅವರೇ ಅಂಥ ಮೆತ್ತನೆಯ ಪಾಲಿಮರನ್ನು ವಿದ್ಯುತ್ತಿನ ಬಲದಿಂದ ಎಳೆದು ನೂಲಿನ ಜಾಲ ಮಾಡಿದರು. ಜಾತ್ರೆಯಲ್ಲಿ ಬಾಂಬೆ ಮಿಠಾಯಿ ಹೇಗೆ ನೂಲು ನೂಲಾಗಿ ಬರುತ್ತದೋ ಹಾಗೆ ಕಾಣುವ ಜಾಲ. ರಕ್ತದ ಕ್ಯಾನ್ಸರಿನಿಂದ ದಣಿದುಹೋಗಿದ್ದ ರೋಗಿಗಳ ಟಿ-ಕೋಶಗಳು ಮಾಮೂಲಿ ಮಣಿಯ ಜೊತೆ ಬೆಳೆಯಲು ಹಿಂಜರಿದರೂ ಈ ಜಾಲದ ಮೇಲೆ ಚೆನ್ನಾಗಿ ಬೆಳೆದವು.

ನೆದರ್ಲೆಂಡ್ಸ್‌ನ ನೈಮೇಗನ್ ನಗರದ ಕಾರ್ಲ್ ಫಿಗ್ಡೋರ್ ಮತ್ತು ಆಲನ್ ರೋವನ್ ಅವರ ತಂಡ ಮಣಿಯನ್ನೇ ಬಿಟ್ಟು ಉದ್ದನೆಯ, ಬಳುಕುವ ಪಾಲಿಮರ್ ದಾರವನ್ನು ತೆಗೆದುಕೊಂಡಿತು. ಪ್ರತಿಕಾಯಗಳನ್ನು ಆ ದಾರಕ್ಕೆ ಪೋಣಿಸಿದರು. ಕೊಂಬೆಕೋಶದ ಕೊಂಬೆಯಂತೆ ಅದು ಟಿ-ಕೋಶದ ಮೈಯನ್ನು ಬಳಸಿ ಹಿಡಿಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿದ್ಧಾರ್ಥ ಝುಂಝುನ್‌ವಾಲಾ ಅವರ ಪ್ರಯೋಗಾಲಯವೂ ಇಂಥದೇ ಪ್ರಶ್ನೆಯ ಇನ್ನೊಂದು ಬದಿಯಲ್ಲಿದೆ. ಮೈಯೊಳಗೆ ಇಟ್ಟ ವಸ್ತುಗಳನ್ನು, ಪಾಲಿಮರ್ ಕಣಗಳನ್ನು ರಕ್ಷಣಾ ಕೋಶಗಳು ಮುಟ್ಟಿದಾಗ ಏನು ಮಾಡುತ್ತವೆ ಎಂಬುದು ಅಲ್ಲಿಯ ಅಧ್ಯಯನ.

'ಮೈ' ಎಂಬುದು ಎಷ್ಟು ಮುಖ್ಯ ಎಂದು ಮನೆಯಲ್ಲೇ ನೋಡಬಹುದು. ಒಂದು ಸ್ಟೀಲ್ ತಟ್ಟೆಯನ್ನು ಚೆನ್ನಾಗಿ ತೊಳೆದು ಒರೆಸಿ. ಅದರ ಅರ್ಧಭಾಗಕ್ಕೆ ಮೇಣದ ಬತ್ತಿಯನ್ನು ಗಸಗಸ ಉಜ್ಜಿ. ಈಗ ಎರಡೂ ಕಡೆ ಒಂದೊಂದು ಹನಿ ನೀರು ಬಿಡಿ. ತೊಳೆದ ಕಡೆ ಹನಿ ಹರಡಿಕೊಳ್ಳುತ್ತದೆ, ಮೇಣದ ಕಡೆ ಗುಂಡಗೆ ಎದ್ದು ನಿಲ್ಲುತ್ತದೆ. ತಟ್ಟೆ ಒಂದೇ, ಬದಲಾದದ್ದು ಮೇಲಿನ ತೆಳು ಪದರ. ಪಾಲಿಸ್ಟೈರೀನ್ ಸಹ ನೀರಿಗೆ ಮುಖ ತಿರುಗಿಸುವ ವಸ್ತು. ಪ್ರಯೋಗಾಲಯದಲ್ಲಿ ಕೋಶ ಬೆಳೆಸುವ ತಟ್ಟೆಗಳನ್ನು ಅದರಿಂದಲೇ ಮಾಡಿ, ಬಳಿಕ ಅದರ ಮೇಲ್ಮೈಗೆ ಪ್ಲಾಸ್ಮಾ (ವಿದ್ಯುತ್ ಹಾಯಿಸಿದ ಅನಿಲ) ತಾಗಿಸಿ ಆಮ್ಲಜನಕ ಕೂರಿಸುತ್ತಾರೆ. ಆಗ ನೀರೂ ಒಲಿಯುತ್ತದೆ, ಎಷ್ಟೋ ಬಗೆಯ ಕೋಶಗಳೂ ಅದರ ಮೇಲೆ ಕಾಲೂರುತ್ತವೆ.

"ಅಯಸ್ಕಾಂತ ಹಿಡಿದ ಮ್ಯಾಲೂ ಒಂದೆರಡು ಮಣಿ ಉಳೀತಾವಲ್ಲ ಮಿಸ್?" ಎಂದು ಹುಡುಗಿ ಕೊನೆಗೆ ಕೇಳಿದಳು. ಅವಳ ಕವರನ್ನೂ ಕೆಲವು ಕಪ್ಪು ಕಣ ಬಿಟ್ಟಿರಲಿಲ್ಲ, ಅದನ್ನು ನೋಡಿಯೇ ಕೇಳಿದ್ದು. ಉಳಿಯುತ್ತವೆ. ಅದಕ್ಕೇ ಸೂಕ್ಷ್ಮದರ್ಶಕದಡಿ ಎಣಿಸುತ್ತಾರೆ. 30 ಲಕ್ಷ ಕೋಶಗಳಿಗೆ 100 ಮಣಿಗಿಂತ ಹೆಚ್ಚು ಉಳಿದಿದ್ದರೆ ಆ ಚೀಲವನ್ನು ರೋಗಿಗೆ ಕೊಡುವಂತಿಲ್ಲ ಎಂಬ ಕಟ್ಟುಪಾಡನ್ನು ಇಟ್ಟುಕೊಂಡಿದ್ದಾರೆ.

ನೀವೂ ಎಣಿಸಿ. ಹಳೆಯ ಸ್ಪೀಕರಿನ ಅಯಸ್ಕಾಂತ ಸಿಕ್ಕರೆ ಹಾಲಿನ ಕವರ್ ಸುತ್ತಿ ನಿಮ್ಮ ಅಂಗಳದ ಒಣಮಣ್ಣಿನಲ್ಲಿ ಹತ್ತು ಸಲ ಎಳೆಯಿರಿ. ಅಂಟಿದ್ದನ್ನು ಬಿಳಿ ಹಾಳೆಯ ಮೇಲೆ ಉದುರಿಸಿ, ಭೂತಗನ್ನಡಿಯಲ್ಲಿ ನೋಡಿ, ಎಷ್ಟು ಕಣ ಕವರಿಗೇ ಕಚ್ಚಿಕೊಂಡು ಉಳಿದವು ಎಂದು ಬರೆದಿಟ್ಟುಕೊಳ್ಳಿ. ದೋಣಿಮಲೈಯ ಮಣ್ಣಿಗೂ ಕಂಪ್ಲಿಯ ಹೊಳೆದಂಡೆಯ ಮರಳಿಗೂ ಲೆಕ್ಕ ಬೇರೆ ಬರುತ್ತದೆಯೇ ನೋಡಿ, ನಿಮ್ಮ ವಿಜ್ಞಾನದ ಟೀಚರಿಗೆ ತೋರಿಸಿ.